ಗಂಡನಿಗೂ ಚಿಕಿತ್ಸೆಯಾಗದೆ ಸೋಂಕು ನಿಲ್ಲದು

ಮಾನ್ಯ ಸಂಪಾದಕರೇ,

ಮೂಡಿಗೆರೆ, ಸಕಲೇಶಪುರ ಭಾಗದ ಕಾಫಿ ತೋಟದ ಲೈನ್‌ಮನೆಗಳಲ್ಲೂ ಪೇಟೆಯ ಮನೆಗಳಲ್ಲೂ ಉರಿಮೂತ್ರ, ಕೆಳಹೊಟ್ಟೆ ನೋವು ಅಥವಾ ಬಿಳಿ ಸೆರಗು ಕಾಣಿಸಿಕೊಂಡರೆ ಉಷ್ಣವಾಗಿದೆ ಎಂದು ಎಳನೀರು ಕುಡಿದು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತಂದು ನುಂಗಿ ಸುಮ್ಮನಾಗುವವರೇ ಹೆಚ್ಚು. ಇವಕ್ಕೆ ಬೇರೆ ಕಾರಣಗಳೂ ಇರುತ್ತವೆ, ನಿಜ. ಆದರೆ ಅದು ಲೈಂಗಿಕ ಸಂಪರ್ಕದಿಂದ ಬಂದ ಸೋಂಕಾಗಿದ್ದರೆ, ಉರಿ ತಗ್ಗಿದ ಮೇಲೂ ರೋಗಾಣು ಉಳಿದು ಇನ್ನೊಬ್ಬರಿಗೆ ದಾಟಬಹುದು.

ಈ ಸೋಂಕುಗಳು ಇಷ್ಟು ಹರಡಲು ಮುಖ್ಯ ಕಾರಣವೇ ಅವುಗಳ ಮೌನ. ಇವುಗಳಲ್ಲಿ ಒಂದಾದ ಗೊನೊರಿಯಾ ತಗುಲಿದ ಗಂಡಸಿಗೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಉರಿ, ಕೀವು ಕಾಣಿಸಿಕೊಳ್ಳುತ್ತವೆ. ಹೆಂಗಸರಲ್ಲಿ ಗೊನೊರಿಯಾ, ಕ್ಲಮೈಡಿಯಾ ಎರಡೂ ಬಹಳಷ್ಟು ಸಲ ಯಾವ ಸುಳಿವನ್ನೂ ಕೊಡದೆ ಗರ್ಭನಾಳದವರೆಗೆ ಏರಿ, ಮುಂದೆ ಬಂಜೆತನಕ್ಕೂ ಗರ್ಭಕೋಶದ ಹೊರಗೆ ಗರ್ಭ ಕಟ್ಟುವುದಕ್ಕೂ ಕಾರಣವಾಗಬಲ್ಲವು. ಇಂಥದೇ ಇನ್ನೊಂದು ಸೋಂಕಾದ ಸಿಫಿಲಿಸ್‌ನ ಮೊದಲ ಹುಣ್ಣಿಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ ಅದು ತಾನೇ ಮಾಯುವುದರಿಂದ ರೋಗ ಹೋಯಿತೆಂದು ಜನ ನಂಬುತ್ತಾರೆ, ರೋಗವೋ ರಕ್ತದಲ್ಲಿ ಉಳಿದಿರುತ್ತದೆ. ಸಾರ್ವಜನಿಕ ಶೌಚಾಲಯದಿಂದಲೋ ಒಟ್ಟಿಗೆ ಕೂತು ಉಂಡಿದ್ದರಿಂದಲೋ ಇವು ಬರುವುದಿಲ್ಲ.

ಆರೋಗ್ಯ ಸಹಾಯಕಿಯಾಗಿ ದುಡಿದ ನನ್ನನ್ನು ಹೆಚ್ಚು ಕಾಡಿದ್ದು ಹೆಂಡತಿ ಒಬ್ಬಳೇ ಚಿಕಿತ್ಸೆ ಪಡೆಯುವ ಪರಿಪಾಠ. ಅವಳು ಮಾತ್ರೆ ಮುಗಿಸಿ ಗುಣವಾದರೂ ಪರೀಕ್ಷೆಗೆ ಬಾರದ ಗಂಡನಿಂದ ಸೋಂಕು ಮತ್ತೆ ಅವಳಿಗೇ ಬರುತ್ತದೆ. ಮತ್ತೆ ಆಸ್ಪತ್ರೆಗೆ ಬಂದಾಗ ಮನೆಯವರ ಅನುಮಾನವೂ ಅವಳ ಮೇಲೆಯೇ. ಲಕ್ಷಣವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲ ಸೋಂಕನ್ನು ಮೊದಲು ತಂದವರು ಯಾರೆಂದು, ಲಕ್ಷಣ ಮೊದಲು ಯಾರಲ್ಲಿ ಕಂಡಿತೆಂಬುದರ ಮೇಲೆ ಹೇಳಲು ಸಾಧ್ಯವೇ ಇಲ್ಲ ಎಂಬುದನ್ನು ವೈದ್ಯರು ದಂಪತಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಲೈಂಗಿಕ ಸಂಪರ್ಕದಿಂದ ದೂರವಿರುವುದು, ಅನಂತರವೂ ಸಂದೇಹವಿದ್ದಲ್ಲಿ ಕಾಂಡೋಮ್ ಬಳಸುವುದು ಅಗತ್ಯ.

ಗರ್ಭಿಣಿಯರ ವಿಷಯದಲ್ಲಂತೂ ಉದಾಸೀನ ಸಲ್ಲದು. ಸಿಫಿಲಿಸ್ ತಾಯಿಯಿಂದ ಮಗುವಿಗೆ ದಾಟಿದರೆ ಗರ್ಭಪಾತವಾಗಬಹುದು, ಮಗು ಸತ್ತೇ ಹುಟ್ಟಬಹುದು. ತಾಯಿ ಕಾರ್ಡ್ ಮಾಡಿಸುವಾಗಲೇ ರಕ್ತಪರೀಕ್ಷೆಯಾಗಿ, ಸೋಂಕಿದ್ದಲ್ಲಿ ಸಕಾಲಕ್ಕೆ ಪೆನಿಸಿಲಿನ್ ಚುಚ್ಚುಮದ್ದು ಸಿಕ್ಕರೆ ಆ ಮಗುವನ್ನು ಉಳಿಸಿಕೊಳ್ಳಬಹುದು.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಲೈಂಗಿಕ ಸೋಂಕುಗಳಿಗೆ ಉಚಿತ ಚಿಕಿತ್ಸೆಯಿದೆ, 1097 ಏಡ್ಸ್ ಸಹಾಯವಾಣಿಯೂ ಇದೆ. ಆದರೆ ಕೂಲಿ ಬಿಟ್ಟು ಇಬ್ಬರೂ ಒಟ್ಟಿಗೆ ಬರುವುದು ತೋಟದ ಕೆಲಸಗಾರರಿಗೆ ಕಷ್ಟ. ಆದ್ದರಿಂದ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಂತೆಯ ದಿನ ಸಂಜೆಯವರೆಗೂ ಈ ಸೇವೆ ಸಿಗುವಂತೆ ಮಾಡಬೇಕು, ಗಂಡಸರೊಂದಿಗೆ ಮಾತನಾಡಲು ಪುರುಷ ಆಪ್ತಸಮಾಲೋಚಕರನ್ನು ನೇಮಿಸಬೇಕು ಎಂದು ವಿನಂತಿಸುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕಿ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ