ಕಟ್ಟಡದ ಜತೆಗೆ ಬೇಲಿಫರನ್ನೂ ಕೊಡಿ

ಮಾನ್ಯ ಸಂಪಾದಕರೆ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೋರ್ಟುಗಳ ಬಗ್ಗೆ ಬರುವ ಓದುಗರ ಪತ್ರಗಳು ಹೆಚ್ಚಾಗಿ ಎರಡು ಬಗೆ. ಕಟ್ಟಡ ಸಾಲದು ಎಂಬುದು ಒಂದು, ನ್ಯಾಯಾಧೀಶರು ಬಂದು ಊರು ಪರಿಚಯವಾಗುವಷ್ಟರಲ್ಲಿ ವರ್ಗವಾಗಿ ಹೋಗುತ್ತಾರೆ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಸಿವಿಲ್ ದಾವೆಯೊಂದರ ಆರ್ಡರ್ ಶೀಟನ್ನು (ಪ್ರತಿ ತಾರೀಕಿಗೆ ಏನಾಯಿತೆಂದು ಬರೆಯುವ ಹಾಳೆ) ಮೊದಲ ಪುಟದಿಂದ ತಿರುವಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಎಷ್ಟೋ ದಾವೆಗಳಲ್ಲಿ ಮೊದಲ ಎಂಟು-ಹತ್ತು ತಾರೀಕು ಹೋಗುವುದು ಪ್ರತಿವಾದಿಗೆ ಸಮನ್ಸ್, ಅಂದರೆ ಕೋರ್ಟಿಗೆ ಬರಬೇಕೆಂಬ ಕರೆ, ಮುಟ್ಟಿಸುವುದರಲ್ಲೇ. ಅದನ್ನು ಮನೆಗೆ ಒಯ್ಯುವ ಕೋರ್ಟ್ ನೌಕರರೇ ಬೇಲಿಫರು. ಅಲ್ಲಿ ನ್ಯಾಯಾಧೀಶರು ಮಾಡುವುದಕ್ಕೆ ಏನೂ ಇರುವುದಿಲ್ಲ, ಕಡತ ಕರೆಯುವುದು ಮತ್ತು ಮುಂದಿನ ತಾರೀಕು ಕೊಡುವುದು ಬಿಟ್ಟರೆ.

ಜಿಲ್ಲೆಯ ಕೋರ್ಟ್ ವ್ಯವಸ್ಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಕಾರವಾರದಲ್ಲಿ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವಿದೆ. ಅದರದೇ ಹೆಚ್ಚುವರಿ ನ್ಯಾಯಾಲಯ ಶಿರಸಿಯಲ್ಲಿ ಕೂರುತ್ತದೆ. ಅಲ್ಲಿಯ ತೀರ್ಪಿನ ತಲೆಬರಹದಲ್ಲಿ ಉತ್ತರ ಕನ್ನಡ, ಕಾರವಾರ ಎಂದು ಬರೆದು, ಮುಂದೆ ಪೀಠಾಸೀನ ಶಿರಸಿ ಎಂದು ಸೇರಿಸುತ್ತಾರೆ. ಕೋರ್ಟು ಕಾರವಾರದ್ದು, ಕುರ್ಚಿ ಶಿರಸಿಯದ್ದು ಅಂದ ಹಾಗೆ. ಕೆಳಗೆ ತಾಲೂಕುಗಳಲ್ಲಿ ಹಿರಿಯ ಮತ್ತು ಕಿರಿಯ ಸಿವಿಲ್ ನ್ಯಾಯಾಧೀಶರು, ಮೇಲೆ ಹೈಕೋರ್ಟಿನ ಧಾರವಾಡ ಪೀಠ. ಅದು 2008ರಲ್ಲಿ ಸಂಚಾರಿಯಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಕುರ್ಚಿ ಜನರ ಹತ್ತಿರ ಬಂದಿದೆ, ಇನ್ನೂ ಬರಬೇಕು, ಒಪ್ಪುತ್ತೇನೆ. ಕುರ್ಚಿಯಿಂದ ಪ್ರತಿವಾದಿಯ ಮನೆ ಬಾಗಿಲಿಗೆ ಕಾಗದ ಹೋಗುವ ದಾರಿ ಮಾತ್ರ ಹಾಗೇ ಉಳಿದಿದೆ.

ದಾವೆ ದಾಖಲಾದ ದಿನ ಆರ್ಡರ್ ಶೀಟಿನಲ್ಲಿ ಒಂದು ಸಾಲು ಬೀಳುತ್ತದೆ: ‘ಇಷ್ಯೂ ಎಸ್‌ಎಸ್ ಟು ಡಿಫೆಂಡೆಂಟ್ಸ್ ಇಫ್ ಪಿಎಫ್ ಪೇಯ್ಡ್’. ಎಸ್‌ಎಸ್ ಅಂದರೆ ಸೂಟ್ ಸಮನ್ಸ್, ಪಿಎಫ್ ಅಂದರೆ ಪ್ರೊಸೆಸ್ ಫೀ; ಫೀ ಕಟ್ಟಿದರೆ ಪ್ರತಿವಾದಿಗಳಿಗೆ ಸಮನ್ಸು ಹೊರಡಿಸಿ ಎಂದು ಅರ್ಥ. ಈ ‘ಇಫ್’ ಎಂಬ ಎರಡಕ್ಷರದಲ್ಲೇ ಅರ್ಧ ಕೇಸುಗಳು ಸಿಕ್ಕಿಬೀಳುತ್ತವೆ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) 7ನೇ ಆದೇಶ, 9ನೇ ನಿಯಮದಂತೆ ಪ್ರತಿವಾದಿಗಳು ಎಷ್ಟು ಮಂದಿಯೋ ಅಷ್ಟು ವಾದಪತ್ರದ ನಕಲು ಮತ್ತು ಫೀಯನ್ನು ವಾದಿ ಏಳು ದಿನದಲ್ಲಿ ಒದಗಿಸಬೇಕು. ಹನ್ನೆರಡು ಪ್ರತಿವಾದಿಗಳಿರುವ ಪಾಲು ದಾವೆಯಲ್ಲಿ ಹತ್ತು ನಕಲು ಕೊಟ್ಟು ಉಳಿದೆರಡನ್ನು ಆಮೇಲೆ ಕೊಡುತ್ತೇವೆ ಅಂದರೆ ಆ ಇಬ್ಬರ ಸಮನ್ಸು ಸಿದ್ಧವಾಗುವುದೇ ಇಲ್ಲ. ಮುಂದಿನ ತಾರೀಕಿನಲ್ಲಿ ‘ಪಿಎಫ್ ನಾಟ್ ಪೇಯ್ಡ್, ಟೇಕ್ ಸ್ಟೆಪ್ಸ್’ (ಫೀ ಕಟ್ಟಿಲ್ಲ, ಮುಂದಿನ ಕ್ರಮ ಕೈಗೊಳ್ಳಿ) ಎಂದು ಬರುತ್ತದೆ. ಕಕ್ಷಿದಾರರಿಗೆ ಮನೆಯಲ್ಲಿ ಕೂತೇ ಇದು ತಿಳಿಯುವ ದಾರಿಯಿದೆ. ಕೇಸಿನ ಸಿಎನ್‌ಆರ್ ಸಂಖ್ಯೆ 16 ಅಕ್ಷರ-ಅಂಕಿಗಳದ್ದು, ಕೊನೆಯ ನಾಲ್ಕು ದಾಖಲಾದ ವರ್ಷ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿ, ತಾರೀಕಿನ ಮೇಲೆ ಒತ್ತಿದರೆ ಆ ದಿನ ಏನಾಯಿತೆಂಬ ಸಾಲು ತೆರೆಯುತ್ತದೆ. ‘ಸ್ಟೆಪ್ಸ್’ ಎಂಬ ಮಾತು ಎರಡನೇ ಸಲ ಕಂಡರೆ ವಕೀಲರಿಗೆ ಅಂದೇ ಫೋನ್ ಮಾಡಿ. ನ್ಯಾಯಾಧೀಶರನ್ನು ಬೈದು ಪ್ರಯೋಜನವಿಲ್ಲ.

ಫೀ ಕಟ್ಟಿದ ಮೇಲೆ ಬರುವುದು ವಿಳಾಸದ ರಗಳೆ. ವಾದಪತ್ರದಲ್ಲಿ ವಿಳಾಸ ಬರೆಯುವಾಗ ಬಹಳ ಜನ ಪಹಣಿ ನೋಡಿ ಬರೆಯುತ್ತಾರೆ. ಪಹಣಿಯಲ್ಲಿರುವುದು ಜಮೀನಿನ ಗ್ರಾಮ, ಮನುಷ್ಯನ ಮನೆಯಲ್ಲ. ಮೇಲಾಗಿ ಅದರಲ್ಲಿನ ಹೆಸರು ತೀರಿಹೋದ ಅಜ್ಜನದ್ದೂ ಆಗಿರಬಹುದು. ಘಟ್ಟದ ಮೇಲೆ ಒಂದು ಗ್ರಾಮ ಅಂದರೆ ಆರೇಳು ಮಜರೆ, ಮಜರೆಗೆ ನಾಲ್ಕು ಮನೆ, ಮನೆಯಿಂದ ಮನೆಗೆ ಒಂದು ತೋಟ ಮತ್ತು ಒಂದು ಹಳ್ಳ. ಒಂದೇ ಮಜರೆಯಲ್ಲಿ ಮೂವರು ಗಣಪತಿ ಹೆಗಡೆಯವರು ಇರುವುದು ಅಪರೂಪವಲ್ಲ. ಇಳಿಜಾರಿನ ಕೆಳಗೆ, ಅಂಕೋಲಾ-ಕುಮಟಾ ಕಡೆ, ಕೇರಿಯ ಹೆಸರಿಲ್ಲದೆ ನಾಯ್ಕ, ಗೌಡ ಎಂದಷ್ಟೇ ಬರೆದರೆ ಅಂಚೆಯವನಿಗೂ ತಿಳಿಯುವುದಿಲ್ಲ. ಜೊಯಿಡಾದ ಹಳೆಯ ಕಾಗದಗಳಲ್ಲಿ ಇನ್ನೂ ಸುಪಾ ತಾಲೂಕು ಎಂದೇ ಇರುತ್ತದೆ. ಆದ್ದರಿಂದ ವಿಳಾಸದಲ್ಲಿ ತಂದೆಯ ಹೆಸರು, ಮನೆತನದ ಹೆಸರು (ಮೇಲಿನಮನೆ, ಕೆಳಗಿನಮನೆ ಎಂಬಂತೆ), ಮಜರೆ ಅಥವಾ ಕೇರಿ, ಅಂಚೆ ಕಚೇರಿ, ಪಿನ್, ಮೊಬೈಲ್ ಸಂಖ್ಯೆ ಇರಲಿ. ಹತ್ತಿರದ ದೇವಸ್ಥಾನವನ್ನೋ ಸೊಸೈಟಿಯನ್ನೋ ಬರೆದರೂ ತಪ್ಪಿಲ್ಲ.

ಸಮನ್ಸು ನಾಜರರ (ಸಮನ್ಸ್ ಹಂಚಿಕೆಯ ಉಸ್ತುವಾರಿಯವರು) ವಿಭಾಗಕ್ಕೆ ಹೋಗಿ ಬೇಲಿಫರ ಕೈಗೆ ಬರುತ್ತದೆ. ಜನ ಹಗುರವಾಗಿ ಕಾಣುವ ಈ ಹುದ್ದೆಯ ಮೇಲೆ ಇಡೀ ದಾವೆ ನಿಂತಿದೆ. ಬೇಲಿಫರು ಹಿಂದಿನ ಪುಟದಲ್ಲಿ ಬರೆಯುವ ಮೂರು ಸಾಲಿನ ಶರಾ ಸರಿಯಿಲ್ಲದಿದ್ದರೆ ಮುಂದೆ ಐದು ವರ್ಷದ ಬಳಿಕ ಡಿಕ್ರಿಯೇ (ತೀರ್ಪಿನ ಮೇಲಿನ ಆಜ್ಞೆ) ಬಿದ್ದುಹೋಗಬಹುದು. ಪ್ರತಿವಾದಿ ಮನೆಯಲ್ಲಿಲ್ಲ, ಬೇಗ ಬರುವ ಸಂಭವವೂ ಇಲ್ಲ ಎಂದಾದರೆ ಜತೆಗೇ ವಾಸವಿರುವ ವಯಸ್ಕ ಕುಟುಂಬ ಸದಸ್ಯರಿಗೆ, ಗಂಡಾಗಲಿ ಹೆಣ್ಣಾಗಲಿ, ಕೊಡಬಹುದು; ಮನೆಯ ಆಳಿಗೆ ಕೊಟ್ಟರೆ ನಡೆಯದು. ತೆಗೆದುಕೊಳ್ಳಲು ಒಪ್ಪದಿದ್ದರೆ, ಅಥವಾ ಸಾಕಷ್ಟು ಪ್ರಯತ್ನಿಸಿದರೂ ಪ್ರತಿವಾದಿ ಸಿಗದಿದ್ದರೆ, ಹೊರಬಾಗಿಲಿಗೆ ನಕಲು ಅಂಟಿಸಬೇಕು. ಹಾಗೆ ಅಂಟಿಸಿದಾಗ ಮನೆ ತೋರಿಸಿದವರು ಯಾರು, ಯಾರ ಸಮಕ್ಷಮದಲ್ಲಿ ಅಂಟಿಸಿದ್ದು, ಅವರ ಹೆಸರು-ವಿಳಾಸ ಏನು ಎಂಬುದು ಶರಾದಲ್ಲಿ ಇರಲೇಬೇಕು. ‘ಮನೆಗೆ ಬೀಗ, ಅಂಟಿಸಿ ಬಂದೆ’ ಎಂದಷ್ಟೇ ಬರೆದರೆ ಕೋರ್ಟ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಒಂದು ಸಲ ಹೋಗಿ ಬೀಗ ಕಂಡದ್ದು ಸಾಕಷ್ಟು ಪ್ರಯತ್ನವಲ್ಲ. ಸಮನ್ಸು ಸರಿಯಾಗಿ ಮುಟ್ಟಿರಲಿಲ್ಲ ಎಂದು ಪ್ರತಿವಾದಿ ತೋರಿಸಿದರೆ ಅವರ ಗೈರುಹಾಜರಿಯಲ್ಲಿ ಆದ ಏಕಪಕ್ಷೀಯ ಡಿಕ್ರಿ ರದ್ದು. ಅರ್ಜಿ ಹಾಕುವ 30 ದಿನದ ಗಡುವು ಸಹ ಆಗ ಡಿಕ್ರಿಯ ದಿನದಿಂದಲ್ಲ, ಅವರಿಗೆ ಗೊತ್ತಾದ ದಿನದಿಂದ ಎಣಿಕೆ.

ನಮ್ಮ ಕರಾವಳಿಯಲ್ಲಿ ಬೀಗ ಬೀಳುವುದಕ್ಕೆ ಕಾಲದ ಲೆಕ್ಕವಿದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಬೈತಕೋಲ, ತದಡಿ, ಕಾಸರಕೋಡದ ಟ್ರಾಲರ್ ಕೆಲಸಗಾರರು ಊರಲ್ಲಿ ಸಿಗುವುದು ಆ ಎರಡು ತಿಂಗಳು. ಉಳಿದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರ ಮನೆಗೆ ಹೋದ ಬೇಲಿಫರು ‘ಊರಲ್ಲಿಲ್ಲ’ ಎಂದು ಬರೆದುಕೊಂಡು ಬರುವುದು ನಿಶ್ಚಿತ. ಬೇಸಿಗೆ ರಜೆ ಕಳೆದು ಕೋರ್ಟ್ ತೆರೆದ ಕೂಡಲೇ ಫೀ ಕಟ್ಟಿದರೆ ಸಮನ್ಸು ಜೂನಿನಲ್ಲೇ ಮುಟ್ಟುತ್ತದೆ. ಆಗಸ್ಟಿಗೆ ಜಾರಿದರೆ ಮುಂದಿನ ಮಳೆಗಾಲದವರೆಗೆ ಪರದಾಟ. ಶಿರಸಿ-ಸಿದ್ದಾಪುರದಲ್ಲಿ ಇದಕ್ಕೆ ತಿರುಗುಮುರುಗು. ಮಳೆಗಾಲದಲ್ಲಿ ಸಂಕ (ಹಳ್ಳದ ಕಾಲುಸೇತುವೆ) ದಾಟಿ ಆಚೆ ಮನೆಗೆ ಹೋಗುವುದೇ ಕಷ್ಟ, ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಮನೆ ತುಂಬ ಜನ. ರಸ್ತೆಯ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಜಿಲ್ಲಾ ಕೇಂದ್ರದಿಂದಲೇ ಎಲ್ಲ ಕಾಗದ ಓಡಬೇಕೆಂದರೆ ಏನಾಗುತ್ತದೆ ಎಂಬುದಕ್ಕೆ ಆ ಮಳೆಗಾಲಕ್ಕಿಂತ ಬೇರೆ ಪುರಾವೆ ಬೇಡ.

ಗೋವಾದ ವಿಷಯ ಕಾರವಾರದವರಿಗೇ ಮೀಸಲಾದ ತಲೆನೋವು. ಮಾಜಾಳಿ ದಾಟಿದರೆ ಬೇರೆ ರಾಜ್ಯ. ಮಡಗಾಂವ್, ವಾಸ್ಕೊದಲ್ಲಿ ಕೆಲಸಕ್ಕಿರುವ ಪ್ರತಿವಾದಿಯ ಸಮನ್ಸು ಸಿಪಿಸಿ 28ನೇ ಕಲಮಿನಂತೆ ಅಲ್ಲಿಯ ಕೋರ್ಟಿನ ಮೂಲಕ ಹೋಗಿ, ಅಲ್ಲಿಯ ಬೇಲಿಫರ ವರದಿಯೊಂದಿಗೆ ತಿರುಗಿ ಬರಬೇಕು. ಇಂಥವರು ಚೌತಿಗೂ ಜಾತ್ರೆಗೂ ಊರಿಗೆ ಬರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಸಮನ್ಸಿನಲ್ಲಿ ಊರಿನ ಮತ್ತು ಗೋವಾದ ವಿಳಾಸ ಎರಡನ್ನೂ ಕೊಟ್ಟು, ಎರಡು ಕಡೆಗೂ ಒಟ್ಟಿಗೇ ಫೀ ಕಟ್ಟುವವರು ಮಾತ್ರ ಕಡಿಮೆ.

ಒಂದು ಹೋಲಿಕೆ ಹೇಳುತ್ತೇನೆ, ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರದ ವಿಚಾರಣಾ ಕೋರ್ಟುಗಳಿಗೂ ಜಿಲ್ಲಾ ನ್ಯಾಯಾಲಯವೆಂದೇ ಹೆಸರು. ಅಂಥ ಜಿಲ್ಲೆಗಳು 94. ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪಬೇಕು, ನೇಮಕವಾದರೆ ಬಹುತೇಕ ಕಡೆ ಜೀವಮಾನ ಪೂರ್ತಿ, ನಮ್ಮ ಹಾಗೆ ವರ್ಗಾವಣೆಯಿಲ್ಲ. ಕೋರ್ಟು ಯಾವ ಯಾವ ಊರಲ್ಲಿ ಕೂರಬೇಕೆಂಬುದೂ ಕಾಯ್ದೆಯಲ್ಲೇ ಇದೆ. ಉತ್ತರ ಕ್ಯಾಲಿಫೋರ್ನಿಯಾ ಜಿಲ್ಲೆಗೆ ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲಂಡ್, ಸ್ಯಾನ್ ಹೋಸೆಯ ಜತೆಗೆ ಯುರೀಕಾ ಎಂಬ, ಕಾಡು-ಕಡಲಿನ ನಡುವಿನ ದೂರದ ಊರನ್ನೂ ಹೆಸರಿಸಿದ್ದಾರೆ. ಇದನ್ನೆಲ್ಲ ನಾವು ನಕಲು ಮಾಡಲಾಗದು. ಆದರೆ ಅಲ್ಲಿಯ ಸಿವಿಲ್ ನಿಯಮ 4ರಲ್ಲಿ ಸಮನ್ಸು ಮುಟ್ಟಿಸುವುದು ವಾದಿಯ ಹೊಣೆ. ಹದಿನೆಂಟು ತುಂಬಿದ, ಕೇಸಿನಲ್ಲಿ ಕಕ್ಷಿದಾರನಲ್ಲದ ಯಾರಾದರೂ ಮುಟ್ಟಿಸಬಹುದು. ಗಡುವು 90 ದಿನ; ತಕ್ಕ ಕಾರಣವಿಲ್ಲದೆ ತಪ್ಪಿದರೆ ಕೋರ್ಟ್ ದಾವೆಯನ್ನು ವಜಾ ಮಾಡಬಹುದು, ಬೇಕಿದ್ದರೆ ಹೊಸದಾಗಿ ಹಾಕಬೇಕು. ಸಮನ್ಸು ಬೇಡ, ದಾವೆಯ ಕಾಗದ ಅಂಚೆಯಲ್ಲೇ ಸಾಕು ಎಂದು ಪ್ರತಿವಾದಿ ಒಪ್ಪಿ ಬರೆದುಕೊಟ್ಟರೆ ಉತ್ತರ ಸಲ್ಲಿಸಲು 21 ದಿನದ ಬದಲು 60 ದಿನ ಸಿಗುತ್ತದೆ. ತಪ್ಪಿಸಿಕೊಂಡು ತಿರುಗುವುದಕ್ಕಿಂತ ಒಪ್ಪುವುದೇ ಲಾಭ ಅನ್ನುವ ಹಾಗೆ.

ನಮ್ಮಲ್ಲೂ ಇದರ ಅರ್ಧ ಇದೆ, ಬಳಸುವವರು ಕಡಿಮೆ. ಸಿಪಿಸಿಯ 5ನೇ ಆದೇಶದ 9-ಎ ನಿಯಮದಂತೆ ವಾದಿ ಅರ್ಜಿ ಕೊಟ್ಟರೆ ಕೋರ್ಟಿನ ಬೇಲಿಫರ ಜತೆಜತೆಗೇ ವಾದಿಯ ಕೈಗೂ ಸಮನ್ಸು ಕೊಡಬಹುದು. ವಕೀಲರು ಹ್ಯಾಂಡ್ ಸಮನ್ಸ್ ಅನ್ನುವುದು ಇದಕ್ಕೇ. ಅಂಚೆಯ ದಾರಿಯೂ ಒಟ್ಟಿಗೇ ಹಿಡಿಯಬೇಕು. 2025ರಲ್ಲಿ ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಆದ್ದರಿಂದ ಬುಕಿಂಗ್ ಮಾಡುವಾಗ ಮುಟ್ಟಿದ್ದಕ್ಕೆ ಪುರಾವೆ ಬೇಕೆಂದು ಕೇಳಿ ಪಡೆಯಿರಿ, ರಸೀದಿಯನ್ನು ಕಡತಕ್ಕೆ ಹಾಕಿಸಿ. ಲಕೋಟೆ ‘ರೆಫ್ಯೂಸ್ಡ್’ ಎಂದು ಬಂದರೆ ಜಾರಿಯಾದಂತೆಯೇ. ವಿಳಾಸ ಸರಿಯಿದ್ದು, ಕಳಿಸಿ 30 ದಿನವಾದರೂ ಸ್ವೀಕೃತಿ ಬರದಿದ್ದರೆ ಆಗಲೂ ಜಾರಿಯಾಗಿದೆಯೆಂದು ಕೋರ್ಟ್ ಘೋಷಿಸಬಹುದು. ರಸೀದಿಯೇ ಇಲ್ಲದಿದ್ದರೆ ಅದನ್ನು ಕೇಳುವ ಬಾಯೇ ಇರುವುದಿಲ್ಲ. ಸಮನ್ಸು ಜಾರಿಯಾಗದೆ ವಾಪಸ್ ಬಂದ ಮೇಲೆ ಏಳು ದಿನದೊಳಗೆ ಹೊಸದಕ್ಕೆ ಅರ್ಜಿ ಹಾಕದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು ಎಂಬ ನಿಯಮವೂ ಪುಸ್ತಕದಲ್ಲಿದೆ. ಪತ್ರಿಕಾ ಪ್ರಕಟಣೆ ಕೊನೆಯ ಅಸ್ತ್ರ. ಪ್ರತಿವಾದಿ ಕೊನೆಗೆ ವಾಸವಿದ್ದ ಜಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲೇ ಅದು ಬರಬೇಕು, ಅಗ್ಗವೆಂದು ಎಲ್ಲೋ ದೂರದ ಪತ್ರಿಕೆಗೆ ಕೊಟ್ಟರೆ ಮುಂದೆ ತಕರಾರು ಖಂಡಿತ.

ಇಷ್ಟರ ನಡುವೆ ಪ್ರತಿವಾದಿಯೊಬ್ಬರು ತೀರಿಹೋದರೆ 90 ದಿನದಲ್ಲಿ ವಾರಸುದಾರರನ್ನು ಸೇರಿಸಬೇಕು. ಮೂವರು ಮಕ್ಕಳಲ್ಲಿ ಒಬ್ಬ ಬೆಂಗಳೂರು, ಒಬ್ಬಳು ಹೊನ್ನಾವರ, ಒಬ್ಬ ಗೋವಾ. ಮತ್ತೆ ನಕಲು, ಮತ್ತೆ ಫೀ, ಮತ್ತೆ ಬೇಲಿಫರು. ಪಾಲು ದಾವೆಗಳು ಅಜ್ಜನಿಂದ ಮೊಮ್ಮಗನಿಗೆ ಬರುವುದು ಹೀಗೆ.

ಕ್ರಿಮಿನಲ್ ಕೇಸಿನಲ್ಲಿ ಸಮನ್ಸು ಪೊಲೀಸರ ಕೈಯಲ್ಲಿ, ಅಲ್ಲಿಯ ಗೋಳೇ ಬೇರೆ. 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಎಲೆಕ್ಟ್ರಾನಿಕ್ ಜಾರಿಗೆ ಅವಕಾಶ ಕೊಟ್ಟಿದೆ. ಮನೆಯ ವಯಸ್ಕ ಹೆಂಗಸರ ಕೈಗೂ ಸಮನ್ಸು ಕೊಡಬಹುದೆಂದು ಮಾಡಿದೆ. ಹಳೆಯ ಕಾಯ್ದೆಯಲ್ಲಿ ಗಂಡಸರೇ ಆಗಬೇಕಿತ್ತು.

ಕೇಳುವುದು ಹೆಚ್ಚೇನಿಲ್ಲ. ಯಾವುದೇ ಹೊಸ ನ್ಯಾಯಾಲಯ ಸಂಕೀರ್ಣದ ಅಂದಾಜು ಪತ್ರಿಕೆಗೆ ಸಹಿ ಬೀಳುವಾಗ ಆ ಕೋರ್ಟಿನ ಬೇಲಿಫ್ ಮತ್ತು ಪ್ರೊಸೆಸ್ ಸರ್ವರ್ ಹುದ್ದೆಗಳು ಎಷ್ಟು ಮಂಜೂರು, ಎಷ್ಟು ಖಾಲಿ ಎಂಬ ಹಾಳೆಯನ್ನೂ ಜತೆಗಿಡಲಿ. ಬೇಲಿಫರ ಮೊಬೈಲಿನಲ್ಲಿ ಸ್ಥಳ, ಸಮಯ, ಫೋಟೊ ದಾಖಲಿಸುವ ಎನ್‌ಸ್ಟೆಪ್ ವ್ಯವಸ್ಥೆ ಇ-ಕೋರ್ಟ್ಸ್ ಯೋಜನೆಯಲ್ಲಿದೆ. ಅದು ಪ್ರತಿ ತಾಲೂಕಿನಲ್ಲೂ ನಡೆಯಲಿ, ಜೊಯಿಡಾದಂಥ ಕಡೆ ನೆಟ್‌ವರ್ಕ್ ಇಲ್ಲದಿದ್ದರೆ ಕೈಬರಹದ ಶರಾವನ್ನು ನಿಯಮದಂತೆ ಪೂರ್ತಿ ಬರೆಯಲಿ. ಯಾವ ಹೋಬಳಿಗೆ ಯಾವ ವಾರ ಬೇಲಿಫರು ಹೋಗುತ್ತಾರೆ ಎಂಬ ಪಟ್ಟಿಯನ್ನು ನಾಜರರ ಕೋಣೆಯ ಹೊರಗೆ ಕನ್ನಡದಲ್ಲಿ ಅಂಟಿಸಿದರೆ, ಮನೆ ತೋರಿಸಲು ವಾದಿಯೇ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತಾನೆ.

— ನಿವೃತ್ತ ನ್ಯಾಯಾಲಯ ಶಿರಸ್ತೇದಾರ, ಕಾರವಾರ