ಅಜ್ಜಿಯ ಮರೆವು, ನಿನ್ನ ರಿಪೋರ್ಟು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಜೀನ್ ಪರೀಕ್ಷೆಯ ರಿಪೋರ್ಟನ್ನು ಎರಡು ಸಲ ಓದಿದೆ. ಎಪಿಒಇ ಅನ್ನುವ ಜೀನಿನ 4 ಅನ್ನುವ ಬಗೆಯ (ಎಪಿಒಇ-4) ಒಂದು ಪ್ರತಿ ಇದೆ ಅಂತ ಬರೀ ಒಂದು ಮೇಲ್ ಹಾಕಿ ಸುಮ್ಮನಾದರಲ್ಲ, ಕೂರಿಸಿಕೊಂಡು ಬಿಡಿಸಿ ಹೇಳುವವರು ಯಾರೂ ಇರಲಿಲ್ಲವಲ್ಲ ಅಂತ ನನಗೆ ಸಂಕಟವಾಯಿತು.

19ನೇ ಕ್ರೋಮೋಸೋಮಿನಲ್ಲಿರುವ ಈ ಜೀನು ಮೈಯಲ್ಲಿ ಕೊಬ್ಬು ಸಾಗಿಸುವ ಪ್ರೋಟೀನಿನದು. ಅದಕ್ಕೂ ಮರೆವಿನ ಕಾಯಿಲೆಯಾದ ಅಲ್ಝೈಮರ್‌ಗೂ ನಂಟಿದೆ ಅಂತ 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು. ಆ 4ರ ಬಗೆ ಇದ್ದವರಿಗೆ ಅಪಾಯ ಹೆಚ್ಚು, ನಿಜ. ಆದರೆ ಒಂದು ಪ್ರತಿ ಇದ್ದೂ ಕಾಯಿಲೆ ಬಾರದವರು ಬೇಕಾದಷ್ಟು ಜನ. ಅದರ ಜೋರೆಲ್ಲ ಅರವತ್ತು, ಎಪ್ಪತ್ತರ ಆಸುಪಾಸು. ತೊಂಬತ್ತು ದಾಟಿದವರಲ್ಲಿ ಅದರ ಹಿಡಿತ ಸಡಿಲ. ಆ ವಯಸ್ಸಿಗೆ ಮಿದುಳಿನ ಸಣ್ಣ ರಕ್ತನಾಳಗಳ ಪೆಟ್ಟೂ ಸೇರಿ ಮರೆವು ಬರುತ್ತದೆ. ಹಾಗಾಗಿ 93ರ ಅಜ್ಜಿ ನಿನ್ನ ಹೆಸರಿಗೆ ತಡವರಿಸಿದ್ದನ್ನು ನಿನ್ನ ರಿಪೋರ್ಟಿನ ಪಕ್ಕ ಇಟ್ಟು ಓದಬೇಡ.

ಅಜ್ಜಿಗೆ ತುಂಬಾ ಮರೆವು ಅಂತ ನಾವೂ ಎರಡು ವರ್ಷ ಅಂದುಕೊಂಡೆವು. ಅರ್ಧ ಮರೆವು ಕಿವಿಯದಾಗಿತ್ತು ಕಣೇ. ಕೇಳಿಸದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಮಿಷನ್ ಹಾಕಿಸಿದ ಮೇಲೆ ಮಾತಿಗೆ ಮಾತು ಕೊಡುತ್ತಾರೆ. ‘ಊಟ ಆಯ್ತಾ’ ಅಂತ ಮೂರು ಸಲ ಕೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮೊನ್ನೆ ಅವರೆಕಾಯಿ ಸುಲಿಯುವಾಗ ಹುಳುಕು ಕಾಳನ್ನು ಹೆಬ್ಬೆರಳಲ್ಲೇ ಗುರುತಿಸಿ ಆಚೆ ಹಾಕಿದರು. ನನ್ನ ಕಣ್ಣಿಗೆ ಅದು ಕಂಡಿರಲೇ ಇಲ್ಲ.

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳಲ್ಲಿ ಕಿವಿ ಕೇಳದಿರುವುದೂ ಒಂದು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಕೂಡ ಅದರಲ್ಲಿವೆ. ನಿನ್ನ ಬಿಪಿ ನೋಡಿಸಿ ಎಷ್ಟು ವರ್ಷವಾಯಿತು? ಮೊದಲು ಅದನ್ನು ಮಾಡು.

ಇನ್ನೊಂದು ಮಾತು. ಆ ಪ್ರತಿ ನಿನಗೆ ಅಮ್ಮನಿಂದಲೋ ಅಪ್ಪನಿಂದಲೋ ಬಂದದ್ದು. ‘ನೀವೂ ಪರೀಕ್ಷೆ ಮಾಡಿಸಿ’ ಅಂತ ಅವರನ್ನು ಒತ್ತಾಯಿಸಬೇಡ. ಡಿಎನ್‌ಎಯ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಕೂಡ ತಮ್ಮ ಇಡೀ ಜೀನೋಮ್ ಓದಿಸಿ, ಈ ಎಪಿಒಇಯ ಫಲಿತಾಂಶ ಮಾತ್ರ ತನಗೆ ಬೇಡ ಅಂದರು. ತಿಳಿಯದಿರುವ ಹಕ್ಕು ನಿನ್ನ ಅಮ್ಮನಿಗೂ ಇದೆ, ನನಗೂ ಇದೆ. ಕೇಳಿದರೆ ಹೇಳು, ಕೇಳದಿದ್ದರೆ ಬಿಡು.

ಸಂಕ್ರಾಂತಿಗೆ ಬಾ. ಮಿಷನ್ ಇರುವುದು ಬಲಗಿವಿಗೆ, ಆ ಕಡೆಯೇ ಕೂತುಕೋ. ‘ನಾನು ಯಾರು ಹೇಳು’ ಅಂತ ಪರೀಕ್ಷೆ ಮಾಡದೆ, ನಿನ್ನ ಹೆಸರು ನೀನೇ ಹೇಳಿ ಮಾತು ಶುರು ಮಾಡು.

ನಿನ್ನ ದೊಡ್ಡಮ್ಮ