ಅರಳು ಮರಳು ಎಂದು ಕೈಬಿಡುವ ಮುನ್ನ

ಮಾನ್ಯರೇ,

ಹಟ್ಟಿ ಚಿನ್ನದ ಗಣಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಡ್ರಿಲ್ ಹಿಡಿದು ಕಲ್ಲು ಕೊರೆದವನು ನಾನು. ನೆಲದೊಳಗೆ ದುಡಿದಷ್ಟು ದಿನ ತಲೆಗೆ ಒಂದು ಗೀರೂ ಬೀಳಲಿಲ್ಲ. ನಿವೃತ್ತನಾಗಿ ಹನ್ನೊಂದು ವರ್ಷದ ಮೇಲೆ ನಮ್ಮದೇ ಅಡುಗೆಮನೆಯ ತಗ್ಗು ಬಾಗಿಲಿನ ಮೇಲ್ಪಟ್ಟಿ ಬಡಿಯಿತು. ರಕ್ತ ಬರಲಿಲ್ಲ, ಬುಗುಟೂ ಏಳಲಿಲ್ಲ. ಹೆಂಡತಿ ಅರಿಸಿನ ಹಚ್ಚಿದಳು, ಇಬ್ಬರೂ ಮರೆತೆವು.

ಐದು ವಾರಗಳ ನಂತರ ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿದ್ದು ತಿಳಿಯದೆ ಮನೆಗೆ ಬಂದೆನಂತೆ. 'ಅಂತೆ' ಎನ್ನುತ್ತಿದ್ದೇನೆ, ಏಕೆಂದರೆ ಆ ದಿನಗಳ ಬಹುಪಾಲು ನನಗೆ ನೆನಪಿಲ್ಲ. ಮೊಮ್ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದೆನಂತೆ. ಒಂದು ನಡುರಾತ್ರಿ, ಪಾಳಿಗೆ ಹೊತ್ತಾಯಿತೆಂದು ಬುತ್ತಿ ಕೇಳಿದೆನಂತೆ. ಅರವತ್ತಕ್ಕೆ ಅರಳು ಮರಳು, ಇವನಿಗೆ ಎಪ್ಪತ್ತು ದಾಟಿತಲ್ಲ ಎಂದು ಓಣಿಯವರು ತೀರ್ಪು ಕೊಟ್ಟರು. ದವಾಖಾನೆಯೊಂದರಲ್ಲಿ ಶಕ್ತಿಯ ಮಾತ್ರೆ ಬರೆದುಕೊಟ್ಟರು. ಎಡಗೈ ಸೋತಾಗ ಬೀಗರು ಲಕ್ವವೆಂದು ನಿರ್ಧರಿಸಿ, ಪಾರಿವಾಳದ ರಕ್ತ ಹಚ್ಚುವವರ ಊರಿಗೆ ಜೀಪು ಗೊತ್ತು ಮಾಡಿದ್ದರು. ನರ್ಸಿಂಗ್ ಓದಿದ ಸೊಸೆ ಅಡ್ಡ ನಿಂತು, ಅದೇ ಜೀಪನ್ನು ರಾಯಚೂರಿಗೆ ತಿರುಗಿಸಿದಳು.

ಸಿ.ಟಿ. ಸ್ಕ್ಯಾನ್ ಕೆಲವೇ ನಿಮಿಷದ ಕೆಲಸ. ಬಲಬದಿಯಲ್ಲಿ ಬುರುಡೆಗೂ ಮೆದುಳಿಗೂ ನಡುವೆ ಬಿದಿಗೆ ಚಂದ್ರನಂತೆ ಬಾಗಿದ ಹಳೆಯ ರಕ್ತ ಕಂಡಿತು. ಸಬ್‌ಡ್ಯೂರಲ್ ಹೆಮಟೋಮ ಎನ್ನುತ್ತಾರೆ. ವಯಸ್ಸಾದಂತೆ ಮೆದುಳು ತುಸು ಕುಗ್ಗಿ, ಅದರಿಂದ ಹೊದಿಕೆಗೆ ಹಾಯುವ ಸಣ್ಣ ರಕ್ತನಾಳಗಳು ಎಳೆದ ಹಗ್ಗದಂತೆ ಬಿಗಿಯುತ್ತವೆ. ಸಣ್ಣ ಪೆಟ್ಟಿಗೂ ಹರಿಯುತ್ತವೆ. ಗಣಿಯ ಗೋಡೆಯಲ್ಲಿ ನೀರು ಜಿನುಗುವ ಹಾಗೆ ವಾರಗಟ್ಟಲೆ ರಕ್ತ ಜಿನುಗುತ್ತದೆ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ನನ್ನಂಥವರಿಗೆ ಅಪಾಯ ಇನ್ನೂ ಹೆಚ್ಚು. (ಹಾಗೆಂದು ವೈದ್ಯರನ್ನು ಕೇಳದೆ ಆ ಮಾತ್ರೆ ನಿಲ್ಲಿಸಬೇಡಿ.)

ಶಸ್ತ್ರಚಿಕಿತ್ಸೆ ಬಳ್ಳಾರಿಯಲ್ಲಾಯಿತು. ಪೂರ್ತಿ ಎಚ್ಚರ ತಪ್ಪಿಸಿರಲಿಲ್ಲ, ಕೊರೆಯುವ ಸದ್ದು ಮಂಪರಿನಲ್ಲೂ ಕೇಳಿಸಿತು. ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಎರಡು ತೂತು. ಮೂಳೆ ದಾಟಿದೊಡನೆ ಆ ಡ್ರಿಲ್ ತಾನೇ ನಿಲ್ಲುತ್ತದೆಯಂತೆ! ನಾನು ಹಿಡಿದ ಯಾವ ಡ್ರಿಲ್ಲಿಗೂ ಆ ಬುದ್ಧಿ ಇರಲಿಲ್ಲ. ಎಂಜಿನ್ನಿನ ಸುಟ್ಟ ಎಣ್ಣೆಯಂಥ ರಕ್ತವನ್ನು ತೊಳೆದು ತೆಗೆದು, ಎರಡು ದಿನ ಸಣ್ಣ ನಳಿಗೆ ಬಿಟ್ಟಿದ್ದರು. ಮೂರನೆಯ ದಿನ ಮೊಮ್ಮಗನನ್ನು ಅವನ ಹೆಸರಿನಿಂದಲೇ ಕರೆದೆ. ಕೆಲವರಿಗೆ ಮತ್ತೆ ರಕ್ತ ತುಂಬುವುದುಂಟು, ಹಾಗಾಗಿ ಇನ್ನೊಂದು ಸ್ಕ್ಯಾನ್ ಬಾಕಿಯಿದೆ.

ಪಕ್ಕದ ಮಂಚದಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ಸಿಂಧನೂರು ಕಡೆಯ ಹುಡುಗನಿದ್ದ. ಬಾತ ಮೆದುಳಿಗೆ ಜಾಗ ಮಾಡಿಕೊಡಲು ಬುರುಡೆಯ ಒಂದು ಹೋಳನ್ನೇ ತೆಗೆದಿದ್ದರು. ಬಾವು ಇಳಿದ ಮೇಲೆ ಅದನ್ನು ಮುಚ್ಚಲು ಮತ್ತೊಂದು ಶಸ್ತ್ರಚಿಕಿತ್ಸೆ. ಅವನ ತಾಯಿಯ ಮುಂದೆ ನನ್ನ ಎರಡು ತೂತಿನ ಕಥೆ ಹೇಳಲು ನಾಚಿಕೆಯಾಯಿತು.

ಬೀಗರ ಮೇಲೆ ನನಗೆ ಸಿಟ್ಟಿಲ್ಲ. ಹೊರಗಿನಿಂದ ನೋಡಿದರೆ ಲಕ್ವಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಾಳ ಕಟ್ಟಿಕೊಂಡು ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ತಾಸಿನೊಳಗೆ ಬೀಳಬೇಕು. ಅದೇ ಮದ್ದನ್ನು ನನಗೆ ಕೊಟ್ಟಿದ್ದರೆ ಪ್ರಾಣಕ್ಕೇ ಕುತ್ತು. ಎರಡರಲ್ಲಿ ಯಾವುದೆಂದು ಸ್ಕ್ಯಾನ್ ಹೇಳಬೇಕೇ ಹೊರತು ಓಣಿಯಲ್ಲ.

ಏಮ್ಸ್ ಬೇಕೆಂದು ರಾಯಚೂರಿನಲ್ಲಿ ಸಾವಿರ ದಿನ ದಾಟಿ ಧರಣಿ ನಡೆಯಿತು. ಅದು ಬರುವಾಗ ಬರಲಿ, ನಾನು ಕೇಳುವುದಕ್ಕೆ ಕಟ್ಟಡ ಬೇಕಿಲ್ಲ. ವಯಸ್ಸಾದವರ ಬಿ.ಪಿ., ಸಕ್ಕರೆ ವಿಚಾರಿಸಲು ಬರುವ ಆಶಾ ಕಾರ್ಯಕರ್ತೆಯರೂ ದವಾಖಾನೆಯ ವೈದ್ಯರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿ: ಈ ಎರಡು ಮೂರು ತಿಂಗಳಲ್ಲಿ ತಲೆಗೆ ಏನಾದರೂ ತಾಗಿತ್ತೇ? ಬಾಗಿಲು, ಮಂಚ, ಬಚ್ಚಲು ಎಂದು ಹೆಸರು ಹಿಡಿದೇ ಕೇಳಬೇಕು. ಬರಿದೇ 'ಪೆಟ್ಟಾಗಿತ್ತೇ' ಎಂದರೆ ನಮ್ಮಂಥವರು ಇಲ್ಲವೆಂದೇ ಹೇಳುತ್ತೇವೆ.

– ನಿವೃತ್ತ ಗಣಿ ಕಾರ್ಮಿಕ, ಹಟ್ಟಿ, ರಾಯಚೂರು ಜಿಲ್ಲೆ